ಅಂಬಾರಿಯ ಹಾದಿಯಲ್ಲಿ ಸಂಗೀತದ ಊರುಗಳು

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದಲ್ಲಿ ದಸರೆಯ ಉದ್ಘಾಟನೆ ಮುಗಿದರೆ, ಅಂದು ಸಂಜೆ ಮೈಸೂರು ಅರಮನೆಯ ಮುಂದಿನ ವೇದಿಕೆಯಲ್ಲಿ ಸಂಗೀತ ಆರಂಭವಾಗುತ್ತದೆ. ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಂಡು ಅರಮನೆ ಬೆಳಗುವ ಹೊತ್ತಿಗೆ, ನಾಡಿನ ಹಿರಿಯ ಸಂಗೀತಗಾರರೊಬ್ಬರ ಹೆಗಲಿಗೆ ಶಾಲು ಬೀಳುತ್ತದೆ. ಕರ್ನಾಟಕ ಸರ್ಕಾರದ ‘ರಾಜ್ಯ ಸಂಗೀತ ವಿದ್ವಾನ್’ ಪ್ರಶಸ್ತಿಯನ್ನು ದಸರೆಯ ಸಂದರ್ಭದಲ್ಲಿ ಪ್ರದಾನ ಮಾಡುವುದು ರೂಢಿ. ಜನಜಂಗುಳಿಯಲ್ಲಿ ನಿಂತು ನೋಡುವವರಿಗೆ ಇದು ಐದು ನಿಮಿಷದ ಕಾರ್ಯಕ್ರಮ. ಆದರೆ ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಬೇರುಗಳನ್ನು ಹುಡುಕುವವರು ಮೈಸೂರಿನಲ್ಲೇ ನಿಲ್ಲದೆ ಕೆ.ಆರ್. ನಗರ, ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆ ಒಂದು ಸುತ್ತು ಹಾಕಿ ಬರುವುದು ಒಳ್ಳೆಯದು. ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎರಡು ದಿನದಲ್ಲಿ ಮುಗಿಸಬಹುದಾದ ಸುತ್ತು ಇದು.

ಸಂಗೀತಕ್ಕೆ ವರ್ಷಕ್ಕೊಮ್ಮೆ ಸಭೆ ಸೇರಿ ಮನ್ನಣೆ ಕೊಡುವ ಪದ್ಧತಿ ಎಲ್ಲ ದೇಶಗಳಲ್ಲೂ ಇದೆ. ಆಸ್ಟ್ರೇಲಿಯಾದ ಧ್ವನಿಮುದ್ರಣ ಕಂಪನಿಗಳ ಸಂಘ 1987ರಲ್ಲಿ ಸಿಡ್ನಿಯಲ್ಲಿ ‘ಏರಿಯಾ’ ಎಂಬ ರಾಷ್ಟ್ರೀಯ ಪ್ರಶಸ್ತಿಯನ್ನು ಆರಂಭಿಸಿತು. ಮೊದಲ ವರ್ಷದ ಸಮಾರಂಭವನ್ನು ನಡೆಸಿಕೊಟ್ಟವರು ಇಂಗ್ಲೆಂಡಿನ ಗಾಯಕ ಎಲ್ಟನ್ ಜಾನ್. ಅಲ್ಲಿ ತೂಗುವುದು ಧ್ವನಿಮುದ್ರಿಕೆಯನ್ನು. ಮುದ್ರಣವಾಗದ ಹಾಡು ಆ ತಕ್ಕಡಿಗೆ ಬರುವುದೇ ಇಲ್ಲ. ಮೈಸೂರಿನ ಪದ್ಧತಿ ಹುಟ್ಟಿದ್ದು ಮುದ್ರಣಯಂತ್ರ ಬರುವುದಕ್ಕೂ ಮೊದಲು. ಇಲ್ಲಿ ತಕ್ಕಡಿ ಹಿಡಿದಿದ್ದು ಕಿವಿ, ಅದರಲ್ಲೂ ಮಹಾರಾಜರ ಕಿವಿ.

ದಸರೆಯ ದರ್ಬಾರಿನಲ್ಲಿ ದೂರದೂರದ ವಿದ್ವಾಂಸರು ಬಂದು ಹಾಡುತ್ತಿದ್ದರು. ಮೆಚ್ಚುಗೆಯಾದರೆ ಶಾಲು, ಸಂಭಾವನೆ. ಇನ್ನೂ ಮೆಚ್ಚುಗೆಯಾದರೆ ಬಿರುದು. ಅದಕ್ಕೂ ಮೀರಿದರೆ ಆಸ್ಥಾನ ವಿದ್ವಾನ್ ಪದವಿ. ವೀಣೆ ಶೇಷಣ್ಣನವರು ‘ವೈಣಿಕ ಶಿಖಾಮಣಿ’ ಆಗಿದ್ದು ಹೀಗೆ. ತಮಿಳುನಾಡಿನಿಂದ 1927ರಲ್ಲಿ ಇಲ್ಲಿಗೆ ಬಂದ ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನಿಂತು, ಚಾಮುಂಡೇಶ್ವರಿಯ ಮೇಲೆ ನೂರಕ್ಕೂ ಹೆಚ್ಚು ಕೃತಿಗಳನ್ನು ಕನ್ನಡದಲ್ಲೇ ರಚಿಸಿದರು. ಮೈಸೂರು ವಾಸುದೇವಾಚಾರ್ಯರಿಗೆ ಆಸ್ಥಾನದ ಮನ್ನಣೆ ಮೊದಲು ಸಿಕ್ಕಿತು, ಪದ್ಮಭೂಷಣ ಬಂದದ್ದು 1959ರಲ್ಲಿ. ಪಿಟೀಲು ಚೌಡಯ್ಯನವರ ಕಥೆಯಂತೂ ವಿಜ್ಞಾನದ ಪಾಠಕ್ಕೆ ಹೇಳಿಮಾಡಿಸಿದ್ದು. ಧ್ವನಿವರ್ಧಕ ಇಲ್ಲದ ಕಾಲ. ಸಾವಿರಾರು ಜನರ ಸಭೆಯಲ್ಲಿ ನಾಲ್ಕು ತಂತಿಯ ಪಿಟೀಲಿನ ಸದ್ದು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅವರು ಮೂರು ತಂತಿಗಳಿಗೆ ಜೋಡಿ ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿದು ನಾದ ದಪ್ಪವಾಯಿತು.

ಜಯಚಾಮರಾಜ ಒಡೆಯರ ಕಾಲಕ್ಕೆ ಗ್ರಾಮಫೋನು ಅರಮನೆಯ ಒಳಗೂ ಬಂದಿತ್ತು. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರ ಲಂಡನ್ನಿನಲ್ಲಿ ಬಡತನದಲ್ಲಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ಅವರ ಪಿಯಾನೊ ಇಂದಿಗೂ ಕೇಳಸಿಗುವುದಕ್ಕೆ ಮೈಸೂರಿನ ಬೊಕ್ಕಸವೂ ಒಂದು ಕಾರಣ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಮೈಸೂರಿನಿಂದ ವಾಯವ್ಯಕ್ಕೆ ಸುಮಾರು 40 ಕಿ.ಮೀ. ಹೋದರೆ ಕೆ.ಆರ್. ನಗರ. ಹಳೆಯ ಹೆಸರು ಎಡತೊರೆ. ಕಾವೇರಿ ಇಲ್ಲಿ ಎಡಕ್ಕೆ ಹೊರಳುತ್ತಾಳಾದ್ದರಿಂದ ಆ ಹೆಸರು ಎನ್ನುತ್ತಾರೆ. ಹೊಳೆದಂಡೆಯ ಅರ್ಕೇಶ್ವರನ ಗುಡಿ ನೋಡಿಕೊಂಡು, ಅಲ್ಲಿಂದ ಸುಮಾರು 15 ಕಿ.ಮೀ. ದೂರದ ಚುಂಚನಕಟ್ಟೆಗೆ ಹೋಗಬೇಕು. ಸಂಕ್ರಾಂತಿಯ ಸುಮಾರಿಗೆ ಇಲ್ಲಿ ದೊಡ್ಡ ದನಗಳ ಜಾತ್ರೆ. ಮಳೆಗಾಲದಲ್ಲಿ ಕಾವೇರಿ ಬಂಡೆಗಳ ನಡುವೆ ಕವಲೊಡೆದು ಸುಮಾರು 20 ಮೀಟರ್ ಕೆಳಕ್ಕೆ ಧುಮುಕುವಾಗ, ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಆದರೆ ದಂಡೆಯ ಮೇಲಿರುವ ಕೋದಂಡರಾಮನ ಗುಡಿಯ ಗರ್ಭಗೃಹಕ್ಕೆ ಹೋದರೆ ಆ ಭೋರ್ಗರೆತ ಕೇಳದು ಎಂಬುದು ಸುತ್ತಲಿನವರ ಹೆಮ್ಮೆಯ ಮಾತು. ಸ್ಥಳಪುರಾಣ ಇದಕ್ಕೊಂದು ಕಾರಣ ಹೇಳುತ್ತದೆ. ಭೌತವಿಜ್ಞಾನವೂ ತನ್ನದೊಂದು ಕಾರಣ ಹೇಳಬಲ್ಲದು: ದಪ್ಪ ಕಲ್ಲಿನ ಗೋಡೆ, ಒಂದರ ಹಿಂದೆ ಒಂದಾಗಿ ಕಿರಿದಾಗುವ ಬಾಗಿಲುಗಳು. ಕಲ್ಲಿಗೆ ಬಡಿದ ಸದ್ದಿನ ಬಹುಪಾಲು ಹಿಂದಕ್ಕೇ ಮರಳುತ್ತದೆ, ಬಾಗಿಲಿಂದ ನುಸುಳಿದ್ದು ಒಳಗೆ ಹೋಗುತ್ತಾ ಸೊರಗುತ್ತದೆ. ಎರಡೂ ಕಾರಣಗಳನ್ನು ಮಕ್ಕಳಿಗೆ ಹೇಳಬಹುದು, ಪರೀಕ್ಷೆಯಲ್ಲಿ ಬರೆಯಬೇಕಾದ್ದು ಎರಡನೆಯದು. ಈ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿರುವುದನ್ನೂ ಗಮನಿಸಬೇಕು. ಬೇರೆಡೆ ಅವಳು ಎಡಕ್ಕೆ.

ಸಾಲಿಗ್ರಾಮ ದಾಟಿ, ಜಿಲ್ಲೆಯ ಗಡಿಯನ್ನೂ ದಾಟಿದರೆ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕು. ಅಲ್ಲಿ ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣ ಎಂಬ ಸಣ್ಣ ಹಳ್ಳಿಯಿದೆ. ನಕ್ಷೆಯಲ್ಲಿ ಅದು ಹಾಸನಕ್ಕೆ ಸೇರಿದರೂ, ಬದುಕಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ನಂಟು. ಎರಡೂ ಸಂಕೇತಿಗಳ ಊರು. ಶತಮಾನಗಳ ಹಿಂದೆ ತಮಿಳುನಾಡು-ಕೇರಳದ ಗಡಿಸೀಮೆಯಿಂದ ಬಂದು ಕಾವೇರಿಯ ಬಯಲಲ್ಲಿ ನೆಲೆ ನಿಂತ ಈ ಜನ ಮನೆಯಲ್ಲಿ ಸಂಕೇತಿ ಮಾತಾಡುತ್ತಾರೆ, ಹೊರಗೆ ಕನ್ನಡ. ವೇದ ಮತ್ತು ಸಂಗೀತ ಎರಡನ್ನೂ ಉಳಿಸಿಕೊಂಡು ಬಂದವರು. ರುದ್ರಪಟ್ಟಣವೊಂದರಿಂದಲೇ ಬಂದ ಸಂಗೀತಗಾರರನ್ನು ಎಣಿಸುತ್ತಾ ಹೋದರೆ ಬೆರಳು ಸಾಲದು. ಪಿಟೀಲಿನ ಆರ್.ಕೆ. ವೆಂಕಟರಾಮ ಶಾಸ್ತ್ರಿ, ‘ರುದ್ರಪಟ್ಟಣಂ ಸಹೋದರರು’ ಎಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ. ಇವರೆಲ್ಲರ ನಡುವೆ ಎತ್ತರಕ್ಕೆ ನಿಲ್ಲುವ ಹೆಸರು ಆರ್.ಕೆ. ಶ್ರೀಕಂಠನ್ ಅವರದು.

1920ರ ಸಂಕ್ರಾಂತಿಯ ದಿನಗಳಲ್ಲಿ ಇಲ್ಲಿ ಹುಟ್ಟಿದ ಶ್ರೀಕಂಠನ್, ಬೆಳೆದು ಕಲಿತದ್ದು ಮೈಸೂರಿನಲ್ಲಿ. ಆಗ ಮೈಸೂರಿಗೆ ಹೊಸದಾಗಿ ಒಂದು ಕಿವಿ ಮೂಡಿತ್ತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದಿದ್ದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ಶ್ರೀಕಂಠನ್ ಮುಂದೆ ಇದೇ ಆಕಾಶವಾಣಿಯಲ್ಲಿ, ಮೊದಲು ಮೈಸೂರಿನಲ್ಲಿ ಆಮೇಲೆ ಬೆಂಗಳೂರಿನಲ್ಲಿ, ದಶಕಗಳ ಕಾಲ ದುಡಿದರು. ಸಂಗೀತ ಪಾಠವನ್ನು ರೇಡಿಯೊ ಮೂಲಕ ಮನೆಮನೆಗೆ ಮುಟ್ಟಿಸಿದರು. ಅರಮನೆಯ ದರ್ಬಾರಿಗೆ ಕಾಲಿಡಲಾಗದ ಹಳ್ಳಿಯ ಹುಡುಗ ಹುಡುಗಿಯರಿಗೆ ಅವರು ಗುರುವಾದದ್ದು ಹೀಗೆ. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಅವರಿಗೆ 1995ರಲ್ಲಿ ಬಂತು, ಪದ್ಮಭೂಷಣ 2011ರಲ್ಲಿ. ಆಗ ಅವರಿಗೆ ವಯಸ್ಸು 91. ಮುಂದೆ ಮೂರು ವರ್ಷ, 2014ರ ಫೆಬ್ರುವರಿಯಲ್ಲಿ ತೀರಿಕೊಳ್ಳುವ ತನಕ, ಶಾರೀರ ಅವರ ಕೈಬಿಡಲಿಲ್ಲ. ಕಲಿಕೆಗೂ ಮನ್ನಣೆಗೂ ನಡುವೆ ಎಷ್ಟು ವರ್ಷಗಳ ಅಂತರ ಎಂಬುದನ್ನು, ಮಗ ಆರು ತಿಂಗಳಲ್ಲಿ ಟಿ.ವಿ.ಯ ವೇದಿಕೆ ಹತ್ತಲಿ ಎಂದು ಬಯಸುವ ಅಪ್ಪ ಅಮ್ಮಂದಿರು ಒಮ್ಮೆ ಲೆಕ್ಕ ಹಾಕಿ ನೋಡಬಹುದು.

ಊರಿನಲ್ಲಿ ಈಗ ನೋಡಲು ತಂಬೂರಿಯ ಆಕಾರದ ಒಂದು ಕಟ್ಟಡವಿದೆ. ಆರ್.ಕೆ. ಪದ್ಮನಾಭ ಅವರ ಮುತುವರ್ಜಿಯಿಂದ ಎದ್ದ ಸಪ್ತಸ್ವರ ದೇವತಾ ಧ್ಯಾನಮಂದಿರ ಅದು. ಸರಸ್ವತಿಯ ಜೊತೆಗೆ ವಾದಿರಾಜ, ಪುರಂದರ, ಕನಕ, ತ್ಯಾಗರಾಜ, ದೀಕ್ಷಿತ, ಶ್ಯಾಮಾಶಾಸ್ತ್ರಿಗಳ ಮೂರ್ತಿಗಳು. ವರ್ಷಕ್ಕೊಮ್ಮೆ ನಡೆಯುವ ಸಂಗೀತೋತ್ಸವಕ್ಕೆ ದೊಡ್ಡ ದೊಡ್ಡ ವಿದ್ವಾಂಸರು ಈ ಹಳ್ಳಿಗೆ ಬಂದು ಹಾಡುತ್ತಾರೆ.

ತಂಬೂರಿಯ ವಿಷಯ ಬಂದದ್ದರಿಂದ ಒಂದು ಮಾತು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲಿನ ಎಳೆ ಸಿಕ್ಕಿಸಿರುತ್ತಾರೆ. ಅದಕ್ಕೆ ಜೀವ ಅಥವಾ ಜೀವಾಳ ಎಂದು ಹೆಸರು. ಅದನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ಮಂದ್ರ ಷಡ್ಜದ ತಂತಿಯಿಂದ, ಯಾರೂ ಮೀಟದ ಗಾಂಧಾರ ಕೇಳತೊಡಗುತ್ತದೆ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು, ಐದು ತುಂಡುಗಳಾಗಿಯೂ ಕಂಪಿಸುತ್ತದೆ. ಐದನೆಯ ಕಂಪನ ಮೂಲ ಸ್ವರದ ಐದರಷ್ಟು ಆವರ್ತದ್ದು. ಅದೇ ಎರಡು ಸ್ಥಾಯಿ ಮೇಲಿನ ಗಾಂಧಾರ. ಹತ್ತನೆಯ ತರಗತಿ ದಾಟಿದವರಿಗೆ ಇದು ಪುಸ್ತಕದ ಪಾಠ. ಕಿವಿಯಿಂದ ಕಲಿಯಬೇಕಾದರೆ ತಂಬೂರಿಯ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರಬೇಕು.

ಈ ಪಾಠವನ್ನು ನೆನಪಿಟ್ಟುಕೊಂಡೇ ದಕ್ಷಿಣಕ್ಕೆ ಬರಬೇಕು. ಬೆಟ್ಟದಪುರದ ಬೆಟ್ಟ ಹತ್ತಿ ಇಳಿದು ಪಿರಿಯಾಪಟ್ಟಣಕ್ಕೆ ಬಂದರೆ ಚೆಂಗಾಳ್ವರ ಹಳೆಯ ರಾಜಧಾನಿ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಸೈನ್ಯಕ್ಕೆ ಈ ಕೋಟೆ ಬಿದ್ದ ಕಥೆ ಜನಪದರ ಬಾಯಲ್ಲಿ ಲಾವಣಿಯಾಗಿ ಉಳಿಯಿತು. ಊರಿನಿಂದ ಮಡಿಕೇರಿಯ ಕಡೆ ಹೋದರೆ ಬೈಲಕುಪ್ಪೆ. ಮೈಸೂರು ಸರ್ಕಾರ ಕೊಟ್ಟ ಭೂಮಿಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಕಾಡು ಕಡಿದು ಜೋಳ ಬಿತ್ತಿದ ನೆಲ ಅದು. ಪ್ರವಾಸಿಗರು ಅಲ್ಲಿನ ಸ್ವರ್ಣಮಂದಿರ ನೋಡಿ, ಫೋಟೊ ತೆಗೆಸಿಕೊಂಡು, ಕುಶಾಲನಗರಕ್ಕೆ ಹೊರಟುಬಿಡುತ್ತಾರೆ. ಹುಣಸೂರು ತಾಲ್ಲೂಕಿನ ಗುರುಪುರಕ್ಕೆ ಹೋಗುವವರು ಕಡಿಮೆ.

ಗುರುಪುರದ ಟಿಬೆಟನ್ ಶಿಬಿರದಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಲಾಸಾದಲ್ಲಿದ್ದ ಮೂಲ ಮಠ 1433ರಲ್ಲಿ ಸ್ಥಾಪನೆಯಾದದ್ದು. ಇಲ್ಲಿನ ಭಿಕ್ಷುಗಳ ಮಂತ್ರಪಠಣ ಲೋಕದ ವಿಜ್ಞಾನಿಗಳ ಗಮನ ಸೆಳೆದ ವಿದ್ಯೆ. ಗಂಟಲಿನ ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನೂ ಕಂಪಿಸುವಂತೆ ಮಾಡಿ, ಸುಮಾರು 75 ಹರ್ಟ್ಸ್‌ನಷ್ಟು ತಗ್ಗಿನ ಸ್ವರ ಹೊರಡಿಸುತ್ತಾರೆ. ನೆಲದಡಿಯಿಂದ ಬಂದಂತೆ ಕೇಳುವ ಸ್ವರ ಅದು. ಆಮೇಲೆ ಬಾಯಿ ನಾಲಿಗೆಗಳ ಆಕಾರವನ್ನು ಹೊಂದಿಸಿ, ಆ ಸ್ವರದ ಒಳಗೇ ಇರುವ ಒಂದು ಮೇಲುಸ್ವರವನ್ನು ಎತ್ತಿ ತೋರಿಸುತ್ತಾರೆ. ಗ್ಯುಟೊ ಎಂಬ ಸೋದರ ಮಠದವರು ಹೆಚ್ಚಾಗಿ ಹತ್ತನೆಯ ಮೇಲುಸ್ವರವನ್ನು ಎತ್ತುತ್ತಾರೆ. ಐದರ ಇಮ್ಮಡಿ ಹತ್ತು, ಅಂದರೆ ಗಾಂಧಾರವೇ. ಗ್ಯುಮೆಯವರದು ಹನ್ನೆರಡನೆಯದು ಎನ್ನುತ್ತಾರೆ, ಅದು ಪಂಚಮ. ಹೀಗೆ ಒಬ್ಬ ಭಿಕ್ಷುವಿನ ಕಂಠದಿಂದ ಏಕಕಾಲಕ್ಕೆ ಎರಡು ಸ್ವರ ಕೇಳುತ್ತದೆ. ರುದ್ರಪಟ್ಟಣದ ತಂಬೂರಿ ನೂಲೆಳೆಯಿಂದ ಮಾಡುವ ಕೆಲಸವನ್ನು ಗುರುಪುರದ ಭಿಕ್ಷು ನಾಲಿಗೆಯಿಂದ ಮಾಡುತ್ತಾನೆ. ಎರಡು ಪರಂಪರೆಗಳಿಗೂ ಪರಸ್ಪರ ಪರಿಚಯವೇ ಇರಲಿಲ್ಲ.

ಇಂಥ ಮಂತ್ರಪಠಣಕ್ಕೂ ಪ್ರಶಸ್ತಿ ಬಂದದ್ದುಂಟು. ಹಿಮಾಚಲದ ಶೆರಾಬ್‌ಲಿಂಗ್ ಮಠದ ಭಿಕ್ಷುಗಳ ಧ್ವನಿಮುದ್ರಿಕೆಗೆ 2004ರಲ್ಲಿ ಅಮೆರಿಕದ ಗ್ರ್ಯಾಮಿ ಸಿಕ್ಕಿತು. ದೇವರ ಮುಂದೆ ಹೇಳುವ ಮಂತ್ರವನ್ನು ಮಾರುಕಟ್ಟೆಯ ಹಾಡುಗಳ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ.

ಹುಣಸೂರಿನ ಇನ್ನೊಂದು ಮಗ್ಗುಲಲ್ಲಿ, ನಾಗರಹೊಳೆ ಕಾಡಿನ ಅಂಚಿಗೆ ವೀರನಹೊಸಹಳ್ಳಿ. ದಸರೆಗೆ ಸುಮಾರು ಎರಡು ತಿಂಗಳು ಮುಂಚೆ ಇಲ್ಲಿಂದಲೇ ಗಜಪಯಣ ಹೊರಡುತ್ತದೆ. ಹಿಂದೆಲ್ಲ ಆನೆಗಳು ನಡೆದೇ ಮೈಸೂರು ಸೇರುತ್ತಿದ್ದವು, ಈಗ ಲಾರಿ ಹತ್ತುತ್ತವೆ. 750 ಕಿಲೊ ತೂಕದ ಅಂಬಾರಿಯನ್ನು 2012ರಿಂದ 2019ರವರೆಗೆ ಹೊತ್ತ ಅರ್ಜುನ ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದವನು. 2023ರ ಡಿಸೆಂಬರಿನಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತಾಗ ನಾಡೇ ಅತ್ತಿತು. ಆನೆಗಳ ಹೆಸರು ಮಕ್ಕಳಿಗೆಲ್ಲ ಬಾಯಿಪಾಠ. ಆನೆಯ ಕಿವಿಯ ಹಿಂದೆ ಕಾಲಿಟ್ಟು ಕೂತವರ ಹೆಸರು ಕೇಳಿದರೆ ಯಾರೂ ಹೇಳರು. ಮಾವುತರು, ಕಾವಾಡಿಗಳಲ್ಲಿ ಬಹಳ ಜನ ಜೇನುಕುರುಬರು. ಹೆಂಡತಿ ಮಕ್ಕಳೊಂದಿಗೆ ಬಂದು ಅರಮನೆಯ ಅಂಗಳದ ಶೆಡ್ಡುಗಳಲ್ಲಿ ಬಿಡಾರ ಹೂಡುತ್ತಾರೆ. ಅವರ ಮಕ್ಕಳಿಗಾಗಿ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ.

ಸಂಗೀತ ವಿದ್ವಾನರಿಗೆ ಶಾಲು ಹೊದಿಸುವ ವೇದಿಕೆಗೂ ಈ ಶೆಡ್ಡುಗಳಿಗೂ ನಡುವೆ ಇರುವುದು ಒಂದೇ ಅಂಗಳ. ಅಲ್ಲಿ ಮಲಗುವ ಜನಕ್ಕೂ ಒಂದು ಸಂಗೀತವಿದೆ. ಮದುವೆಗೆ, ಸಾವಿಗೆ, ಮಾರಿಹಬ್ಬಕ್ಕೆ, ಜೇನಿಗೆ ಬೇರೆ ಬೇರೆ ಹಾಡುಗಳಿವೆ. ಹೆಜ್ಜೇನು ಇಳಿಸುವವರು ಕತ್ತಲೆಯಲ್ಲಿ ಮರ ಹತ್ತುವಾಗ ಹಾಡುತ್ತಾರೆ. ಜೇನನ್ನು ಬೇಡಿಕೊಳ್ಳುವ ಹಾಡು ಅದು. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ಅತಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ್ದು ಎರಡನ್ನು: ಕೊರಗರು ಮತ್ತು ಜೇನುಕುರುಬರು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಹಾಡಿಗಳಲ್ಲಿ ಇವರು ಹರಡಿದ್ದಾರೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಕಾಕನಕೋಟೆಯ ಕಾಡಿನ ಒಂದು ಪಾಲನ್ನು ನುಂಗಿತು. ಆನೆ ಹಿಡಿಯುವ ಖೆಡ್ಡಾ ಅದಕ್ಕೂ ಮೊದಲೇ, 1971ರಲ್ಲಿ ನಿಂತಿತ್ತು. ಆಮೇಲೆ ರಾಷ್ಟ್ರೀಯ ಉದ್ಯಾನದ ಒಳಗಿನ ಹಾಡಿಗಳನ್ನು ಹೊರಕ್ಕೆ ತರುವ ಯೋಜನೆಗಳು ಬಂದವು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಅಂಥ ಕುಟುಂಬಗಳ ಸಾಲುಮನೆಗಳನ್ನು ನೋಡಬಹುದು. ಕಾಡಿನಿಂದ ಹೊರಗೆ ಬಂದವರ ಮನೆಗೆ ಕರೆಂಟು ಬಂತು, ಶಾಲೆ ಬಂತು. ಜೇನಿನ ಹಾಡನ್ನು ಮಾತ್ರ ಯಾವ ಮರ ಹತ್ತಿ ಹಾಡುವುದು?

ನಾಡಿನ ಉಳಿದವರಿಗೆ ಕಾಡುಕುರುಬರ ಹಾಡು ಎಂದರೆ ನೆನಪಾಗುವುದು ‘ಕಾಕನಕೋಟೆ’ ಚಲನಚಿತ್ರ. ಮಾಸ್ತಿಯವರ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ತೆರೆಗೆ ತಂದರು, ಸಿ. ಅಶ್ವತ್ಥ್ ರಾಗ ಹಾಕಿದರು. ಹಾಡುಗಳು ಸೊಗಸಾಗಿವೆ, ಇಂದಿಗೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಕೇಳುತ್ತವೆ. ಆದರೆ ಅವು ಕುರುಬರನ್ನು ಕುರಿತ ಹಾಡುಗಳು, ಕುರುಬರು ಕಟ್ಟಿದ ಹಾಡುಗಳಲ್ಲ. ಅವನ್ನು ಕಲಿಸುವ ಮೇಷ್ಟ್ರುಗಳು ಈ ವ್ಯತ್ಯಾಸವನ್ನೂ ಹೇಳಿದರೆ ಚೆನ್ನ.

ಈ ಜಾಗದಲ್ಲಿ ಆಸ್ಟ್ರೇಲಿಯಾದ ಮಾತು ಮತ್ತೆ ಬರುತ್ತದೆ. ಆ ದೇಶದ ಮೂಲನಿವಾಸಿಗಳ ‘ಯೊತು ಯಿಂಡಿ’ ತಂಡದ ಹಾಡೊಂದಕ್ಕೆ 1992ರಲ್ಲಿ ವರ್ಷದ ಹಾಡು ಎಂಬ ಏರಿಯಾ ಪ್ರಶಸ್ತಿ ಬಂತು. ಬಿಳಿಯರ ಸರ್ಕಾರ ತಮ್ಮೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂದು ಕೇಳುವ ಆ ಹಾಡಿನ ಒಂದು ಭಾಗ ಅವರ ನುಡಿಯಲ್ಲೇ ಇತ್ತು. 2008ರಲ್ಲಿ ಗುರ್ರುಮುಲ್ ಎಂಬ ಗಾಯಕ ಬಂದರು. ಹುಟ್ಟುಕುರುಡರು, ಉತ್ತರದ ಎಲ್ಕೊ ದ್ವೀಪದವರು, ಇಂಗ್ಲಿಷ್ ಬಹಳ ಆಡದವರು. ಹಾಡಿದ್ದು ಹೆಚ್ಚಾಗಿ ತಮ್ಮ ಜನರ ಮಾತಿನಲ್ಲೇ. ಅವರಿಗೂ ಏರಿಯಾ ಸಂದಿತು. 2017ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಹೊರಬಂದ ಅವರ ಕೊನೆಯ ಧ್ವನಿಮುದ್ರಿಕೆ ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೂಲನಿವಾಸಿಗಳ ಭಾಷೆಯ ಧ್ವನಿಮುದ್ರಿಕೆಯೊಂದು ಅಲ್ಲಿಗೆ ಏರಿದ್ದು ಅದೇ ಮೊದಲು. ಸತ್ತವರ ಹೆಸರು ಹೇಳಬಾರದೆಂಬುದು ಅವರ ಕುಲದ ಕಟ್ಟಳೆ. ಮನೆಯವರು ಒಪ್ಪಿಗೆ ಕೊಟ್ಟದ್ದರಿಂದ ಲೋಕ ಆ ಹೆಸರನ್ನು ಹೇಳುತ್ತಿದೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಕರ್ನಾಟಕ ಜಾನಪದ ಅಕಾಡೆಮಿ ವರ್ಷ ವರ್ಷವೂ ಜಿಲ್ಲೆಗಳಿಂದ ಕಲಾವಿದರನ್ನು ಆರಿಸಿ ಪ್ರಶಸ್ತಿ ಕೊಡುತ್ತದೆ. ಉತ್ತರ ಕನ್ನಡದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಳ್ಳುವವರೆಗೂ ಆ ಅಜ್ಜಿ ಕಲಿಯಲು ಬಂದವರಿಗೆಲ್ಲ ಹಾಡು ಹೇಳಿಕೊಟ್ಟರು. ದಸರೆಯ ಮೆರವಣಿಗೆಯಲ್ಲೂ ಜನಪದ ತಂಡಗಳ ಸಾಲೇ ಇರುತ್ತದೆ. ತೊಡಕಿರುವುದು ಬೇರೆ ಕಡೆ. ಹಿರಿಯ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಬೇಕಾದರೆ ಕಲಾಸೇವೆಗೆ ದಾಖಲೆ ಬೇಕು: ಪ್ರಮಾಣಪತ್ರ, ಆಹ್ವಾನಪತ್ರಿಕೆ, ಪತ್ರಿಕೆಯ ತುಣುಕು. ಹಾಡಿಯ ಮದುವೆಯಲ್ಲಿ ರಾತ್ರಿಯಿಡೀ ಹಾಡಿದ ಅಜ್ಜಿಗೆ ಆಹ್ವಾನಪತ್ರಿಕೆ ಅಚ್ಚು ಹಾಕಿಸಿದವರು ಯಾರು?

ಶಾಲಾ ಮಕ್ಕಳ ಮಟ್ಟದಲ್ಲಿ ಬಾಗಿಲು ಸ್ವಲ್ಪ ಅಗಲವಾಗಿಯೇ ತೆರೆದಿದೆ. ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆಗೆ ಸ್ಥಾನವಿದೆ. ಕೇಂದ್ರ ಶಿಕ್ಷಣ ಇಲಾಖೆ 2015ರಲ್ಲಿ ಆರಂಭಿಸಿದ ‘ಕಲಾ ಉತ್ಸವ’ದಲ್ಲಿ ಪ್ರೌಢಶಾಲೆಯ ಮಕ್ಕಳು ಜಿಲ್ಲೆ, ರಾಜ್ಯ ದಾಟಿ ರಾಷ್ಟ್ರಮಟ್ಟದವರೆಗೆ ಹೋಗಬಹುದು. ಪಟ್ಟಣದ ಮಕ್ಕಳು ಕ್ಯಾಸೆಟ್ಟಿನ ಕಾಲದಿಂದ ಕೇಳಿಬಂದ ಅದೇ ನಾಲ್ಕಾರು ಜನಪದ ಗೀತೆಗಳನ್ನು ಹಾಡಿ ಬಹುಮಾನ ತರುತ್ತಾರೆ. ಆಶ್ರಮಶಾಲೆಯ ಮಗು ತನ್ನ ಅಜ್ಜಿಯ ಹಾಡನ್ನು ತನ್ನ ನುಡಿಯಲ್ಲೇ ಹಾಡಿದರೆ, ತೀರ್ಪುಗಾರರಿಗೆ ಅರ್ಥವಾಗುವುದಿಲ್ಲ ಎಂದು ಯಾರೋ ಅದನ್ನು ತಡೆಯುತ್ತಾರೆ. ಗುರ್ರುಮುಲ್ ಹಾಡಿದ್ದು ಸಿಡ್ನಿಯ ತೀರ್ಪುಗಾರರಲ್ಲಿ ಎಷ್ಟು ಜನಕ್ಕೆ ಅರ್ಥವಾಗಿತ್ತು?

ಹಾಡಿಗಳಿಗೆ ಹೋಗುವವರು ಅಲ್ಲಿನ ಹಿರಿಯರನ್ನೋ ಶಾಲೆಯ ಮೇಷ್ಟ್ರನ್ನೋ ಮೊದಲೇ ಕಂಡು ಹೋಗಬೇಕು. ಮೊಬೈಲು ಹಿಡಿದು ‘ಒಂದು ಹಾಡು ಹೇಳಿ’ ಎಂದು ಕೇಳುವುದು ಮರ್ಯಾದೆಯಲ್ಲ. ಅವರಾಗಿಯೇ ಹಾಡಿದರೆ ಕೇಳಬೇಕು, ಒಪ್ಪಿದರೆ ಮಾತ್ರ ಮುದ್ರಿಸಿಕೊಳ್ಳಬೇಕು. ಮುದ್ರಿಸಿಕೊಂಡದ್ದರ ಒಂದು ಪ್ರತಿ ಹಾಡಿದವರ ಮನೆಯಲ್ಲೂ ಉಳಿಯುವಂತೆ ನೋಡಿಕೊಳ್ಳಬೇಕು. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿ.ಮೀ.; ಬಸ್ಸುಗಳಿಗೆ ಕೊರತೆಯಿಲ್ಲ. ಹೆಜ್ಜೇನಿನ ಕಾಲ ಬೇಸಿಗೆಯಲ್ಲಿ, ದಸರೆ ಮಳೆ ಮುಗಿಯುವ ಹೊತ್ತಿಗೆ. ಆದ್ದರಿಂದ ದಸರಾ ರಜೆಯಲ್ಲಿ ಹೋದವರಿಗೆ ಜೇನಿನ ಹಾಡು ಕೇಳಸಿಗುವುದು ಕಷ್ಟ. ಅದಕ್ಕೆ ಮೇ ತಿಂಗಳ ಆಸುಪಾಸಿನಲ್ಲಿ ಇನ್ನೊಮ್ಮೆ ಬರಬೇಕಾಗುತ್ತದೆ.